ಡೀಸೆಲ್ ಲೈನಿನ ಗಾಳಿ

ಮಂಡ್ಯ ಕಡೆ ಕಬ್ಬಿನ ಲೋಡ್ ಹೊತ್ತ ಲಾರಿ ದಿಣ್ಣೆ ಏರುವಾಗ ಎಳೀತಿಲ್ಲ ಅಂದ್ರೆ ಮೊದಲು ಡೀಸೆಲ್ ಫಿಲ್ಟರ್ ನೋಡಿ, ಕಟ್ಟಿಕೊಂಡಿದ್ರೆ ಹೊಸದು ಹಾಕಿ.

ಬಿಚ್ಚೋ ಮುಂಚೆ ಸುತ್ತಲಿನ ಧೂಳು ಒರೆಸಿ. ಹಳೇ ರಬ್ಬರ್ ರಿಂಗ್ ಫಿಲ್ಟರ್ ಕೂರೋ ಜಾಗದಲ್ಲೇ ಅಂಟಿಕೊಂಡಿರಬಹುದು, ಬೆರಳಾಡಿಸಿ ನೋಡಿ. ಎರಡು ರಿಂಗ್ ಕೂತರೆ ಸೋರೋದು ಗ್ಯಾರಂಟಿ. ಹೊಸ ರಿಂಗಿಗೆ ಶುದ್ಧ ಡೀಸೆಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಲ್ಲೇ ಅರ್ಧದಿಂದ ಮುಕ್ಕಾಲು ಸುತ್ತು ಬಿಗಿ ಮಾಡಿ.

ಫಿಲ್ಟರ್ ಬಿಚ್ಚಿದಾಗ ಲೈನಿಗೆ ಗಾಳಿ ಸೇರಿರುತ್ತೆ, ಆಮೇಲೆ ಆ ಏರ್ ತೆಗೆಯೋದು. ಬ್ಲೀಡ್ ಸ್ಕ್ರೂ (ಗಾಳಿ ಬಿಡೋ ಸ್ಕ್ರೂ) ಒಂದೆರಡು ಸುತ್ತು ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಮೊದಲು ನೊರೆ, ಆಮೇಲೆ ಬಿಟ್ಟುಬಿಟ್ಟು ಗುಳ್ಳೆ, ಕೊನೆಗೆ ಗಾಜಿನಂಥ ಧಾರೆ. ಆ ಧಾರೆ ಗುರುತು ಹಿಡಿಯೋ ಕಣ್ಣು ಕೆಲಸ ಮಾಡಿ ಮಾಡಿಯೇ ಬರಬೇಕು ಅನ್ಸುತ್ತೆ. ಒತ್ತುತ್ತಲೇ ಸ್ಕ್ರೂ ಬಿಗೀರಿ, ಇಲ್ಲಾಂದ್ರೆ ಗಾಳಿ ಮತ್ತೆ ಒಳಗೆ. ಸೆಲ್ಫ್ ಒಂದೇ ಸಲಕ್ಕೆ 15 ಸೆಕೆಂಡ್ ಮೀರಿ ಹೊಡೀಬೇಡಿ. ಕಾಮನ್ ರೈಲ್ ಗಾಡಿಲಿ (ಎಲ್ಲಾ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗೋ ಗಾಡಿ) ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಲೇಬೇಡಿ. 1000 ಬಾರ್ ಮೀರಿದ ಒತ್ತಡ, ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತೆ.

ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ಆಫ್ ಆಗ್ತಿದ್ರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪ್ ನೋಡಿ. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹನಿಯದೇನೂ ಇರಬಹುದು, ಆದ್ರೆ ಗಾಳಿ ಎಳ್ಕೊಳುತ್ತೆ. ಬ್ಯಾಂಜೋ ಬೋಲ್ಟಿಗೆ (ಪೈಪ್ ಜೋಡಿಸೋ, ಒಳಗೆ ಡೀಸೆಲ್ ಹರಿಯೋ ತೂತಿನ ಬೋಲ್ಟ್) ಹಳೇ ತಾಮ್ರದ ವಾಷರ್ರೇ ಹಾಕಿದ್ದರೆ ಅಲ್ಲಿಂದ ಶುರು ಮಾಡಿ.