ಇದು ನಮ್ಮ ಟೇಬಲ್ ಅಲ್ಲ, ಪಕ್ಕದ ಟೇಬಲ್ ಕೇಳಿ

ಕೆಲವು ವರ್ಷಗಳ ಹಿಂದಿನ ಮಾತು. ಪಿಎಚ್‌ಪಿ ಎಂಬ ಕೋಡಿಂಗ್ ಭಾಷೆಯಲ್ಲಿ ಬರೆದ ಒಂದು ಸಣ್ಣ ವೆಬ್ ಪೇಜು ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಸರ್ವರಿಗೆ ಹಾಕಿದ ಕೂಡಲೇ ಡೇಟಾಬೇಸ್ ಸಿಗುತ್ತಿಲ್ಲ ಎಂದು ಹಟ ಹಿಡಿಯಿತು. ಟರ್ಮಿನಲ್‌ನಲ್ಲಿ ಕೂತು ಕೈಯಾರೆ ಕನೆಕ್ಟ್ ಮಾಡಿದರೆ ಆಗುತ್ತದೆ, ಪೇಜಿನಿಂದ ಆಗುವುದಿಲ್ಲ! ಎರಡು ದಿನ ತಲೆ ಕೆಟ್ಟುಹೋಗಿತ್ತು. ಕೊನೆಗೆ ಟೀ ಕುಡಿಯುವಾಗ ಪಕ್ಕದವನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದೆ. ನಮಗೂ ನಮ್ಮ ಪ್ರಾಜೆಕ್ಟಿಗೂ ಸಂಬಂಧವೇ ಇಲ್ಲದ ಸರ್ವರ್ ಟೀಮಿನ ಒಬ್ಬರು ಲೋಟ ಇಡುತ್ತಾ, "ಸೆಂಟ್‌ಒಎಸ್ಸಾ? ಎಸ್‌ಇಲಿನಕ್ಸ್ ನೋಡಪ್ಪ" ಎಂದು ಹೇಳಿ ಹೊರಟುಹೋದರು. ಅಷ್ಟೇ. ಸೆಂಟ್‌ಒಎಸ್ ಎಂದರೆ ಆ ಸರ್ವರಿನಲ್ಲಿದ್ದ ಲಿನಕ್ಸ್, ಎಸ್‌ಇಲಿನಕ್ಸ್ ಎಂದರೆ ಅದರೊಳಗಿನ ಕಾವಲುಗಾರ. ಆ ಕಾವಲುಗಾರ ಪೇಜುಗಳನ್ನು ಬಡಿಸುವ ಅಪಾಚೆ ಎಂಬ ಪ್ರೋಗ್ರಾಮನ್ನು ಬೇರೆ ಮಷಿನ್ನಿನ ಡೇಟಾಬೇಸಿಗೆ ಹೋಗಲು ಬಿಡುತ್ತಿರಲಿಲ್ಲ. ಒಂದೇ ಸಾಲಿನ ಕಮಾಂಡಿಗೆ ಎಲ್ಲಾ ಸರಿಹೋಯಿತು.

ಇದು ಈಗ ನೆನಪಾಗಲು ಕಾರಣ ನಮ್ಮದೊಂದು ವಾಟ್ಸಾಪ್ ಗ್ರೂಪು. ಹಳೇ ಸಹೋದ್ಯೋಗಿಗಳು, ಅವರ ಸ್ನೇಹಿತರು, ಆಮೇಲೆ ಸೇರಿದ ಹುಡುಗರು, ಎಲ್ಲಾ ಸೇರಿ 200 ಚಿಲ್ಲರೆ ಜನ. ಮೆಸೇಜು ಜಾಸ್ತಿಯಾಯಿತು ಎಂದು ಅಡ್ಮಿನ್ ಆಗಿರುವ ಗೆಳೆಯ ಅದನ್ನು ನಾಲ್ಕು ಮಾಡಲು ಹೊರಟಿದ್ದಾನೆ: ಕೋಡಿಂಗ್, ಸರ್ವರ್, ಡೇಟಾಬೇಸ್, ಟೈಮ್‌ಪಾಸ್. ನಾನು ಬೇಡ ಅಂದೆ. ಯಾಕೆ ಅಂತ ಕೇಳಿದ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೋಡ್ ಬರೆಯುವವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸೈಟು ಸ್ಟ್ಯಾಕ್ ಓವರ್‌ಫ್ಲೋ, ಅದಕ್ಕೆ ಬೇರೆ ಬೇರೆ ವಿಷಯದ ಅಕ್ಕತಂಗಿ ಸೈಟುಗಳೂ ಇವೆ. ನನ್ನ ಆ ಪ್ರಶ್ನೆಯನ್ನು ಈ ಕುಟುಂಬದಲ್ಲಿ ಕೇಳಬೇಕಿದ್ದರೆ ಯಾವ ಸೈಟಿಗೆ ಹೋಗಬೇಕಿತ್ತು ಯೋಚಿಸಿ. ತಪ್ಪು ಕೋಡಿನದಾದರೆ ಸ್ಟ್ಯಾಕ್ ಓವರ್‌ಫ್ಲೋ. ಕಂಪನಿಯ ಸರ್ವರಿನದಾದರೆ ಸರ್ವರ್ ಫಾಲ್ಟ್. ಮೈಎಸ್‌ಕ್ಯುಎಲ್ ಡೇಟಾಬೇಸಿನ ಪರ್ಮಿಷನ್‌ದಾದರೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ಸ್. ಲಿನಕ್ಸಿನದಾದರೆ ಯುನಿಕ್ಸ್ ಆಂಡ್ ಲಿನಕ್ಸ್. ತಪ್ಪು ಎಲ್ಲಿದೆ ಎಂದು ಗೊತ್ತಿದ್ದರೆ ನಾನು ಕೇಳುತ್ತಲೇ ಇರಲಿಲ್ಲವಲ್ಲ! ಪಹಣಿಯಲ್ಲಿ ಹೆಸರು ತಪ್ಪಿದೆ ಎಂದು ಕಚೇರಿಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ತಪ್ಪಾಗಿದ್ದು ಸರ್ವೆಯಲ್ಲೋ, ಎಂಟ್ರಿಯಲ್ಲೋ ಎಂದು ನಾವೇ ಮೊದಲು ತಿಳಿದುಕೊಂಡು ಸರಿಯಾದ ಟೇಬಲ್ಲಿನ ಮುಂದೆ ನಿಲ್ಲಬೇಕು.

ಶುರುವಿನಲ್ಲಿ ಹೀಗಿರಲಿಲ್ಲ. ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ 2008ರ ಸೆಪ್ಟೆಂಬರಿನಲ್ಲಿ ಸ್ಟ್ಯಾಕ್ ಓವರ್‌ಫ್ಲೋದ ಬಾಗಿಲು ತೆಗೆದಾಗ ಇದ್ದದ್ದು ಒಂದೇ ಸೈಟು. ಕೋಡ್ ಬರೆಯುವವರು ಸರ್ವರ್ ಬಗ್ಗೆಯೂ ಕೇಳುತ್ತಿದ್ದರು, ಕೀಬೋರ್ಡ್ ಬಗ್ಗೆಯೂ ಕೇಳುತ್ತಿದ್ದರು. 2009ರಲ್ಲಿ ಸರ್ವರ್ ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನ್‌ಗಳಿಗೆ ಸರ್ವರ್ ಫಾಲ್ಟ್ ಬಂತು, ಅದರ ಬೆನ್ನಿಗೇ ಮಿಕ್ಕ ಕಂಪ್ಯೂಟರ್ ಬಳಕೆದಾರರಿಗೆ ಸೂಪರ್ ಯೂಸರ್. ನ್ಯಾಯವಾಗಿ ಹೇಳಬೇಕೆಂದರೆ, ಅಡ್ಮಿನ್‌ಗಳಿಗೆ ಇದು ಬೇಕಿತ್ತು. ಜಾವಾ, ಸಿ ಶಾರ್ಪ್ ಪ್ರಶ್ನೆಗಳ ಮಳೆಯಲ್ಲಿ ಅವರ ಪ್ರಶ್ನೆ ಕೊಚ್ಚಿಹೋಗುತ್ತಿತ್ತು. ತಮ್ಮದೇ ಮನೆ ಸಿಕ್ಕಿದ ಮೇಲೆ ಗಟ್ಟಿ ಉತ್ತರಗಳು ಬಂದವು, ಇವತ್ತಿಗೂ ಅವುಗಳಲ್ಲಿ ಎಷ್ಟೋ ನನಗೆ ಬೇಕಾಗುತ್ತವೆ.

ಆದರೆ ಮನೆ ಬೇರೆಯಾದ ಮೇಲೆ ಬೇಲಿ ಬರಲೇಬೇಕು. ಸರ್ವರ್ ಫಾಲ್ಟ್ ಇರುವುದು ಅದೇ ಕೆಲಸ ಮಾಡುವವರಿಗೆ, ಅಂದರೆ ಆಫೀಸಿನ ನೆಟ್‌ವರ್ಕಿಗೆ. ಅದೇ ತೊಂದರೆ ಮನೆಯ ರೌಟರಿನಲ್ಲಿ ಬಂದರೆ ಸೂಪರ್ ಯೂಸರ್‌ಗೆ ಹೋಗಬೇಕು. ಪ್ರಶ್ನೆಗಳನ್ನು ಒಂದು ಸೈಟಿನಿಂದ ಇನ್ನೊಂದಕ್ಕೆ ಸಾಗಿಸುವ ವ್ಯವಸ್ಥೆಯೇನೋ ಇದೆ. ಆದರೆ ಸಾಗಿಸಿದ್ದನ್ನು ಆ ಕಡೆಯವರು ಮುಚ್ಚಿದರೆ, ಅಂದರೆ ಇಲ್ಲಿ ಉತ್ತರವಿಲ್ಲ ಎಂದರೆ, ಅದು ವಾಪಸ್ ಬಂದಂತೆ. ನಿಮ್ಮ ಕಸವನ್ನು ನಮ್ಮ ಅಂಗಳಕ್ಕೆ ತಳ್ಳಬೇಡಿ ಎಂಬರ್ಥದ ಮಾತೇ ಅಲ್ಲಿ ರೂಢಿಗೆ ಬಂತು. ಒಳ್ಳೆಯ ಪ್ರಶ್ನೆ, ಉತ್ತರಗಳಿಗೆ ಗಳಿಸಿದ ಪಾಯಿಂಟುಗಳೂ ಸೈಟಿಗೆ ಸೈಟಿಗೆ ಬೇರೆ. ಒಂದು ಕಡೆ 200 ಪಾಯಿಂಟ್ ಆದರೆ ಮಿಕ್ಕ ಕಡೆ ಸುಮ್ನೆ 100 ಸಿಗುತ್ತದೆ. ಒಂದು ಕಡೆ ಲಕ್ಷಗಟ್ಟಲೆ ಗಳಿಸಿದವರಿಗೂ ಇನ್ನೊಂದು ಕಡೆ ಕಾಲಿಟ್ಟಾಗ ಸಿಗುವುದು ಅದೇ 100. ಹಾಗಾಗಿ ಹೆಚ್ಚಿನವರು ತಮ್ಮ ಮನೆ ಬಿಟ್ಟು ಹೊರಗೆ ಬರುವುದೇ ಕಡಿಮೆ.

ನಷ್ಟ ಇರುವುದು ಇಲ್ಲೇ ಅನ್ನುವುದು ನನ್ನ ವಾದ. ಜಾಸ್ತಿ ಸೈಟುಗಳ ಹೆಸರು ನೆನಪಿಡುವ ಕಷ್ಟವಲ್ಲ, ಪಕ್ಕದಲ್ಲಿ ಟೀ ಕುಡಿಯುತ್ತಾ ನಿಂತವರ ಕಿವಿಗೆ ನಮ್ಮ ಗೋಳು ಬೀಳದೇ ಹೋಗುವುದು. ನನ್ನ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಪಿಎಚ್‌ಪಿಯವರಲ್ಲ. ಅವರು ನನ್ನ ಪ್ರಶ್ನೆಯನ್ನು ಹುಡುಕಿಕೊಂಡೂ ಬರಲಿಲ್ಲ.

ಹಾಗಂತ ಒಡೆದಿದ್ದೆಲ್ಲಾ ಕೆಟ್ಟಿತು ಅಂತಲ್ಲ. 2010ರಲ್ಲಿ ಏರಿಯಾ 51 ಎಂಬ ಜಾಗ ಮಾಡಿದರು. ಹೊಸ ಸೈಟು ಬೇಕೆಂದರೆ ಅಲ್ಲಿ ಪ್ರಸ್ತಾಪ ಇಡಬೇಕಿತ್ತು, ಸಾಕಷ್ಟು ಜನ ನಾವಿದ್ದೇವೆ ಎಂದು ಮಾತು ಕೊಡಬೇಕಿತ್ತು, ಆಮೇಲೆ ಬೀಟಾ, ಅಂದರೆ ಪ್ರಯೋಗದ ಹಂತ. ಅಲ್ಲಿಂದ ಅದೇ ವರ್ಷ ಆಸ್ಕ್ ಉಬುಂಟು, ಯುನಿಕ್ಸ್ ಆಂಡ್ ಲಿನಕ್ಸ್ ಎರಡೂ ಹುಟ್ಟಿದವು. ಉಬುಂಟು ಎಂದರೆ ಲಿನಕ್ಸಿನದೇ ಒಂದು ರೂಪ ತಾನೇ? ಎರಡರಲ್ಲಿ ಒಂದು ಸೊರಗಬೇಕಿತ್ತು ಅನ್ನಿಸುತ್ತದೆ, ಎರಡೂ ಬೆಳೆದವು. ಯಾಕೆಂದರೆ ಆಸ್ಕ್ ಉಬುಂಟುವಿಗೆ ಬರುವವರೇ ಬೇರೆ ಜನ. ನಿನ್ನೆಯಷ್ಟೇ ವಿಂಡೋಸ್ ಬಿಟ್ಟು ಬಂದವರು, ವೈಫೈ ಬರುತ್ತಿಲ್ಲ, ಪಾರ್ಟಿಷನ್ ಹಾಳಾಯಿತು, ಫಾಂಟ್ ಸರಿಯಿಲ್ಲ, ಎಲ್ಲಾ ಒಂದೇ ಕಟ್ಟೆಯ ಮೇಲೆ. ಉಬುಂಟುವಿನ ಮೇಲೇ ನಿಂತಿರುವ ಮಿಂಟ್ ಎಂಬ ಇನ್ನೊಂದು ಲಿನಕ್ಸ್ ಬಗ್ಗೆ ಕೇಳಿದರೆ ಮಾತ್ರ ಅಲ್ಲಿ ಜಾಗವಿಲ್ಲ, ಅದೊಂದು ತಮಾಷೆ.

ಗಣಿತದ್ದೂ ಹಾಗೇ. ಮ್ಯಾಥ್‌ಓವರ್‌ಫ್ಲೋ 2009ರಲ್ಲಿ ಸಂಶೋಧಕರಿಗಾಗಿ ಶುರುವಾಯಿತು. ಕಾಲೇಜು ಹುಡುಗರಿಗೂ ಆಸಕ್ತರಿಗೂ ಇನ್ನೊಂದು ಗಣಿತದ ಸೈಟಿದೆ. ವಿಷಯ ಒಂದೇ, ಜನ ಬೇರೆ. ಬೀಜಗಣಿತದವರೂ ರೇಖಾಗಣಿತದವರೂ ಒಂದೇ ಸೂರಿನಡಿ ಇದ್ದಾರೆ, ಹಾಗಾಗಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತದೆ. 2014ರಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಬಂದ ಸ್ಟ್ಯಾಕ್ ಓವರ್‌ಫ್ಲೋ ಕೂಡ ಜನರನ್ನು ನೋಡಿ ಒಡೆದಿದ್ದು. ಇಂಗ್ಲಿಷಿನಲ್ಲಿ ಕೇಳಲು ಹಿಂಜರಿಯುವ ಬ್ರೆಜಿಲಿನವರಿಗೆ ಅದು ಬೇಕಿತ್ತು. ಕನ್ನಡದಲ್ಲಿ ಅಂಥದ್ದು ಬರಲಿಲ್ಲ. ನಮ್ಮ ಹುಡುಗರು ಕನ್ನಡದಲ್ಲಿ ಕೇಳುವುದು ಇಂಥ ವಾಟ್ಸಾಪ್ ಗ್ರೂಪುಗಳಲ್ಲೇ.

ವಿಷಯ ನೋಡಿ ಒಡೆದದ್ದನ್ನು ಈಗ ನೋಡಿ. ಮಷಿನ್ ಲರ್ನಿಂಗ್ ಬಗ್ಗೆ ಒಂದು ಪ್ರಶ್ನೆಯಿದ್ದರೆ ಕ್ರಾಸ್ ವ್ಯಾಲಿಡೇಟೆಡ್, ಡೇಟಾ ಸೈನ್ಸ್, ಆರ್ಟಿಫಿಶಿಯಲ್ ಇಂಟೆಲಿಜೆನ್ಸ್, ಮೂರು ಬಾಗಿಲು. ಕೋಡ್ ಇದ್ದರೆ ನಾಲ್ಕನೆಯದು, ಸ್ಟ್ಯಾಕ್ ಓವರ್‌ಫ್ಲೋ. ಪ್ರೋಗ್ರಾಮರ್ಸ್ ಎಂಬ ಸೈಟಿನ ಕಥೆ ಇನ್ನೂ ಪಾಪ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಬೇಡವಾದ ಅಭಿಪ್ರಾಯದ, ಹರಟೆಯ ಪ್ರಶ್ನೆಗಳೆಲ್ಲಾ ಅಲ್ಲಿಗೆ ಬಂದು ಬೀಳುತ್ತಿದ್ದವು. ಬರಬರುತ್ತಾ ಅವರೂ ಅಂಥವನ್ನು ಮುಚ್ಚತೊಡಗಿದರು. ಹೆಸರು ನೋಡಿ ಜನ ದಾರಿ ತಪ್ಪಿ ಬರುತ್ತಲೇ ಇದ್ದಾಗ 2016ರಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂದು ಹೆಸರನ್ನೇ ಬದಲಿಸಿದರು.

ಈಗ ಚಾಟ್‌ಜಿಪಿಟಿ ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹೊಸ ಪ್ರಶ್ನೆಗಳು ತುಂಬಾ ಕಡಿಮೆಯಾಗಿವೆ. ಅದು ಬೇಗ ಉತ್ತರ ಕೊಡುತ್ತದೆ, ಬೈಯುವುದಿಲ್ಲ, ಎಲ್ಲಾ ಸರಿ. ಅದಕ್ಕಿಂತ ದೊಡ್ಡ ವಿಷಯವೆಂದರೆ ಅದರ ಹತ್ತಿರ ಇದು ಪಕ್ಕದ ಟೇಬಲ್ ಎಂಬ ಮಾತೇ ಇಲ್ಲ. ಕೋಡು, ಸರ್ವರು, ಡೇಟಾಬೇಸು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಬಹುದು. ಉತ್ತರ ಕೆಲವು ಸಲ ಶುದ್ಧ ಸುಳ್ಳಿರುತ್ತದೆ, ಅದು ಬೇರೆ ಮಾತು.

ಇದನ್ನೆಲ್ಲಾ ಬರೆದು ಗೆಳೆಯನಿಗೆ ಕಳಿಸಿದೆ. ಒಡೆಯಲೇಬೇಕು ಎಂದಿದ್ದರೆ ವಿಷಯ ನೋಡಿ ಬೇಡ ಮಾರಾಯ, ಈಗಷ್ಟೇ ಕಲಿಯುತ್ತಿರುವ ಹುಡುಗರಿಗೆ ಒಂದು, ಹಳಬರಿಗೆ ಒಂದು ಮಾಡು ಅಂದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: "ಓದಿದೆ. ನಿನ್ನನ್ನ ಯಾವುದರಲ್ಲಿ ಹಾಕ್ಲಿ?"

ಎರಡರಲ್ಲೂ ಹಾಕು ಅಂದೆ.