ಬೂದುಬಣ್ಣಕ್ಕೆ ತಿರುಗಿದ ಕಾಫಿ ಹೂವು

ಹೂಮಳೆ ಬಿದ್ದು ಎಂಟೊಂಬತ್ತು ದಿನಗಳಿಗೆ ನಮ್ಮ ರೊಬಸ್ಟಾ ಕಾಫಿ ತೋಟ ಬೆಳ್ಳಗೆ ಅರಳಿ ನಿಂತಾಗ, ಆಗಷ್ಟೇ ಕೊಂಡಿದ್ದ ಕ್ಯಾಮೆರಾ ಹಿಡಿದು ಬೆಳಗಿನ ಮಂಜಿನಲ್ಲೇ ಹೊರಟಿದ್ದೆ. ಮನೆಗೆ ಬಂದು ನೋಡಿದರೆ ಹೂವೂ ಮಂಜೂ ಒಂದೇ ಬೂದುಬಣ್ಣಕ್ಕೆ ತಿರುಗಿದ್ದವು. “ಹೂವಿಗೆ ಬೂದಿ ಎರಚಿದವರು ಯಾರು?” ಎಂದು ಅಮ್ಮ ಕೇಳಿದರು.

ಕ್ಯಾಮೆರಾ ಕೆಟ್ಟಿರಲಿಲ್ಲ. ಅದರೊಳಗಿನ ಮೀಟರಿಗೆ ಎದುರಿಗಿರುವುದು ಹೂವೋ ಹೆಂಚೋ ತಿಳಿಯದು. ಕಂಡದ್ದೆಲ್ಲ ಹೆಚ್ಚುಕಡಿಮೆ ಮಧ್ಯಮ ಬೂದುಬಣ್ಣದ್ದೆಂಬ ಎಣಿಕೆಯಲ್ಲೇ ಅದು ಬೆಳಕನ್ನು ಅಳೆಯುತ್ತದೆ. ಆದ್ದರಿಂದ ಬಿಳಿಯನ್ನು ಮಬ್ಬಾಗಿಸುತ್ತದೆ, ಕಪ್ಪನ್ನು ತಿಳಿಯಾಗಿಸುತ್ತದೆ. ಮರುದಿನ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್ ಮೋಡ್‌ಗೆ ತಿರುಗಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಗಲ) ಎಫ್ 5.6 ಇಟ್ಟುಕೊಂಡೆ. ಮೀಟರಿನ ಗುರುತು ಸೊನ್ನೆಗೆ ಬಂದದ್ದು ಶಟರ್, ಅಂದರೆ ಬೆಳಕು ಒಳಬರುವ ಹೊತ್ತು, ಸೆಕೆಂಡಿನ 1/250 ಇದ್ದಾಗ. ನಾನು ಅದನ್ನು 1/125ಕ್ಕೆ ಇಳಿಸಿದೆ. ಬೆಳಕು ಎರಡು ಪಟ್ಟಾಯಿತು, ಅಂದರೆ ಒಂದು ಸ್ಟಾಪ್ ಹೆಚ್ಚಾಯಿತು, ಹೂವು ಹೂವಿನ ಬಣ್ಣಕ್ಕೆ ಬಂತು. ಅಪರ್ಚರನ್ನು ಎಫ್ 4ಕ್ಕೆ ತೆರೆದಿದ್ದರೂ ಅಷ್ಟೇ ಬೆಳಕು ಸಿಗುತ್ತಿತ್ತು. ಆದರೆ ಗೊಂಚಲಿನ ಮುಂದಿನ ಹೂವು ಮಾತ್ರ ಸ್ಪಷ್ಟವಾಗಿ, ಹಿಂದಿನವು ಮಸುಕಾಗುತ್ತಿದ್ದವು. ಗಾಳಿ ಇಲ್ಲದ ಬೆಳಗಾದ್ದರಿಂದ ಶಟರನ್ನು ನಿಧಾನಿಸುವುದೇ ಲೇಸೆನಿಸಿತು. ಗಾಳಿ ಇದ್ದಿದ್ದರೆ ಹೂವು ಅಲುಗಿ ಮಸುಕಾಗಿ, ಲೆಕ್ಕ ತಿರುವುಮುರುವಾಗುತ್ತಿತ್ತು.

ಇದೇ ಪಾಠದ ಇನ್ನೊಂದು ಮಗ್ಗುಲು ಚಿಕ್ಕಮ್ಮನ ಮಗನ ಮದುವೆಯಲ್ಲಿ ಎದುರಾಯಿತು. ಕಪ್ಪು ಕುಪ್ಯ (ಕೊಡವ ಗಂಡಸರ ಉದ್ದನೆಯ ಸಾಂಪ್ರದಾಯಿಕ ನಿಲುವಂಗಿ) ತೊಟ್ಟ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಕುಪ್ಯ ಒಗೆದು ಒಗೆದು ಮಾಸಿದಂತೆಯೂ ಮುಖಗಳು ಸುಣ್ಣ ಬಳಿದಂತೆಯೂ ಕಂಡವು. ಬಿಳಿ ಕುಪ್ಯದ ಮದುಮಗ ಅವರ ನಡುವೆ ಬಂದು ನಿಂತ ಮೇಲಂತೂ ಮೀಟರಿನ ಮಾತು ಕೇಳುವುದನ್ನೇ ಬಿಟ್ಟು, ಮುಖಕ್ಕೆ ಹೊಂದಿಸಿ ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ದಕ್ಕುವ ಬೆಳಕಿನ ಪ್ರಮಾಣವನ್ನು, ಕಟ್ಟಿಹಾಕಿದೆ.

ವಿಡಿಯೊದಲ್ಲಿ ನಾನು ಪಟ್ಟ ಪಾಡು ಬೇರೆ. ಟ್ಯೂಬ್‌ಲೈಟಿನ ಮಂಟಪದಲ್ಲಿ ವಾಲಗದ ಕುಣಿತವನ್ನು ಸೆಕೆಂಡಿಗೆ 30 ಫ್ರೇಮ್, ಶಟರ್ 1/60ರಲ್ಲಿ ಹಿಡಿದಿದ್ದೆ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದವು. ನಮ್ಮ ಕರೆಂಟು 50 ಹರ್ಟ್ಸ್‌ನದಾದ್ದರಿಂದ ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಪೂರ್ಣ ಮಿನುಗುಗಳೇ ದಕ್ಕಿ ಪಟ್ಟೆ ಮಾಯವಾಗುತ್ತದೆ. 25 ಫ್ರೇಮಿಗೆ 1/50 ಇಟ್ಟರೆ ಕೈಕಾಲಿನ ಚಲನೆಯೂ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಐಎಸ್‌ಒ, ವೈಟ್ ಬ್ಯಾಲೆನ್ಸ್ (ದೀಪಕ್ಕೆ ತಕ್ಕ ಬಣ್ಣದ ಹೊಂದಾಣಿಕೆ) ಎರಡನ್ನೂ ಆಟೊದಲ್ಲಿ ಬಿಡಬಾರದು. ಬಿಳಿ ಕುಪ್ಯವೊಂದು ಅಡ್ಡ ಹಾದುಹೋದರೂ ಇಡೀ ದೃಶ್ಯದ ಬೆಳಕು ಏರಿಳಿಯುತ್ತದೆ.

ಅಂಗಳದ ಬಿಸಿಲಿಗೆ ಬಂದಾಗ 1/50 ಬಹಳ ನಿಧಾನವಾಯಿತು: ಐಎಸ್‌ಒ 100ರಲ್ಲೂ ಎಫ್ 22ರವರೆಗೆ ಮುಚ್ಚಬೇಕು. ಅದಕ್ಕೆ ಈಗ ಲೆನ್ಸಿನ ಮುಂದೆ ಬೆಳಕನ್ನು ತಗ್ಗಿಸುವ ಮಬ್ಬುಗಾಜು, ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್, ಹಾಕಿ ಎಫ್ 8ರಲ್ಲಿ ತೆಗೆಯುತ್ತೇನೆ. ಒಳಗೆ ಹೋಗುವಾಗ ಅದನ್ನು ಕಳಚಲು ಮರೆತು, ಯಾಕಿಷ್ಟು ಕತ್ತಲೆ ಎಂದು ಐಎಸ್‌ಒ 6400ಕ್ಕೆ ಏರಿಸಿ, ಅರ್ಧ ಕುಣಿತವನ್ನು ರವೆರವೆಯಾಗಿ ಹಿಡಿದದ್ದೂ ಉಂಟು.