ಸ್ವೆಟರ್ ಉಲ್ಟಾ ಹಾಕಿಕೊಂಡಿದ್ದೀರಾ?

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ, ತೀರ್ಥಹಳ್ಳಿಯ ಮದುವೆ ಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ ಸಹ ನನ್ನನ್ನು ನಿಲ್ಲಿಸಿ ಕೇಳುವವರಿದ್ದಾರೆ: "ಅಕ್ಕಾ, ಸ್ವೆಟರ್ ಉಲ್ಟಾ ಹಾಕಿಕೊಂಡಿದ್ದೀರಲ್ಲ?" ಪಕ್ಕೆ, ಹೆಗಲು, ತೋಳು ಕೂಡುವ ಕಡೆಯಲ್ಲೆಲ್ಲ ಕೆಂಪು ಬಿಳಿ ಚೌಕುಳಿಯ ಪಟ್ಟಿ, ಅದರ ನಟ್ಟನಡುವೆ ಏಣಿನಂತೆ ಎದ್ದು ನಿಂತ ಹೊಲಿಗೆ. ಹೊಲಿಗೆ ಎಂದರೆ ಒಳಗಿರಬೇಕಾದದ್ದು ಎಂದುಕೊಂಡವರಿಗೆ ಅನುಮಾನ ಬರುವುದು ಸಹಜ. ಉಲ್ಟಾ ಅಲ್ಲ, ಬೇಕೆಂದೇ ಹಾಗೆ ಹೆಣೆದದ್ದು.

ಕಾರಣ ನೂಲಿನಲ್ಲಿದೆ. ನನ್ನ ಸ್ವೆಟರಿನ ಮೈ ಮೊಹೇರಿನದು, ಮೊಹೇರ್ ಎಂಬುದು ಅಂಗೋರಾ ಮೇಕೆಯ ಕೂದಲು. (ಅಂಗೋರಾ ಮೊಲದ ಉಣ್ಣೆ ಬೇರೆ. ಮಾರುವವರೇ ಎರಡನ್ನೂ ಕಲಸಿ ಹೇಳುವುದುಂಟು.) ಟರ್ಕಿಯ ಈ ಮೇಕೆಯನ್ನು ಇಂದು ಎಲ್ಲಕ್ಕಿಂತ ಹೆಚ್ಚಾಗಿ ಸಾಕುವುದು ದಕ್ಷಿಣ ಆಫ್ರಿಕಾದಲ್ಲಿ. ಮರಿಗಳ ನಯವಾದ ಕೂದಲಿಗೆ ರೇಷ್ಮೆ ಬೆರೆಸಿ ನೂತ ಎಳೆ 25 ಗ್ರಾಂ ಉಂಡೆಯಲ್ಲಿ ಸುಮಾರು 210 ಮೀಟರ್ ಬರುತ್ತದೆ. ಅಷ್ಟು ಸಪೂರವಾದ ಎಳೆಯನ್ನು 4.5 ಮಿ.ಮೀ. ಕಡ್ಡಿಯಲ್ಲಿ ಸಡಿಲವಾಗಿ ಹೆಣೆದರೆ ಕುಣಿಕೆಗಳ ನಡುವಿನ ಸಂದನ್ನು ರೋಮವೇ ತುಂಬುತ್ತದೆ. ಅದರಲ್ಲಿ ನಿಂತ ಗಾಳಿ ಮೈಯನ್ನು ಬೆಚ್ಚಗಿಡುತ್ತದೆ. ದೊಡ್ಡವರ ಸ್ವೆಟರಿಗೆ ಆರೇಳು ಉಂಡೆ ಸಾಕು. ಪಟ್ಟಿಗಳನ್ನು ಬಿಟ್ಟರೆ 200 ಗ್ರಾಂ ಸಹ ತೂಗುವುದಿಲ್ಲ.

ನಮ್ಮ ಚಳಿಗೆ ಅಷ್ಟೇ ಬೇಕು. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಹೊಯ್ಯುವ ಆಗುಂಬೆಯಲ್ಲೂ ಕಂಬಳಿ ಕೊಪ್ಪೆ ಬೇಕಾದದ್ದು ಗದ್ದೆಗೆ ಇಳಿದವರಿಗೆ, ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುವವರಿಗಲ್ಲ.

ಆದರೆ ಹಗುರಾದ ಬಟ್ಟೆಗೆ ನಿಲುವಿಲ್ಲ. ಹೆಗಲು ತೋಳಿನತ್ತ ಜಾರುತ್ತದೆ, ಪಕ್ಕೆ ಜೋಲುತ್ತದೆ. ಮೈತುಂಬ ಎರಡು ಬಣ್ಣದ ವಿನ್ಯಾಸ ಹೆಣೆದರೆ ಗಟ್ಟಿಯಾದೀತು. ಆದರೆ ಬಳಕೆಯಲ್ಲಿಲ್ಲದ ಬಣ್ಣದ ಎಳೆ ಹಿಂಬದಿಯಲ್ಲಿ ಸಾಗುತ್ತಲೇ ಇರುವುದರಿಂದ ಬಟ್ಟೆ ದಪ್ಪವಾಗುತ್ತದೆ, ಮೊಹೇರ್ ಕೊಂಡದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಸಾಲದ್ದಕ್ಕೆ ಒಂದು ಬಣ್ಣದ ರೋಮ ಪಕ್ಕದ ಬಣ್ಣದ ಮೇಲೆ ಹರಡಿ ಚೌಕುಳಿಯೆಲ್ಲ ಮಸುಕಾಗುತ್ತದೆ. ಆದ್ದರಿಂದ ಭಾರ, ಬಿಗಿ, ಬಣ್ಣ ಮೂರನ್ನೂ ಹೊಲಿಗೆಗೇ ಒಪ್ಪಿಸಿದ್ದೇನೆ. ಬಟ್ಟೆ ಹೇಗೂ ತೆಳು, ಹೊಲಿಗೆಯನ್ನು ಒಳಗೆ ಮಡಚಿದರೂ ಹೊರಗೆ ಗೆರೆ ಕಾಣುತ್ತದೆ. ಕಾಣುವುದೇ ಆದರೆ ಚೆಂದವಾಗಿಯೇ ಕಾಣಲಿ.

ಮುಂಭಾಗ, ಬೆನ್ನು, ತೋಳುಗಳನ್ನು ಬೇರೆಬೇರೆಯಾಗಿ ಹೆಣೆಯುತ್ತೇನೆ. ಆಮೇಲೆ ಅಂಚಿನುದ್ದಕ್ಕೂ ರೋಮವಿಲ್ಲದ ನುಣುಪು ಉಣ್ಣೆಯಿಂದ, ಸಣ್ಣ ಕಡ್ಡಿಯಲ್ಲಿ, ಹೊಸ ಕುಣಿಕೆ ಎತ್ತಿಕೊಳ್ಳಬೇಕು. ನಾಲ್ಕು ಸಾಲಿಗೆ ಮೂರು ಕುಣಿಕೆ, ಇದೊಂದು ಲೆಕ್ಕ ತಪ್ಪಬಾರದು. ಸಾಲಿಗೊಂದರಂತೆ ಎತ್ತಿದರೆ ಪಟ್ಟಿ ನಿರಿಗೆಯಾಗುತ್ತದೆ, ಕಡಿಮೆ ಎತ್ತಿದರೆ ಪಕ್ಕೆ ಸುಕ್ಕುತ್ತದೆ. ಒಂದು ಕೆಂಪು, ಒಂದು ಬಿಳಿ, ಮುಂದಿನ ಸಾಲಿನಲ್ಲಿ ಅದಲುಬದಲು. ಎರಡೂ ಬದಿಗೆ ಆರಾರು ಸಾಲಾದ ಮೇಲೆ ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿಯುತ್ತೇನೆ. ಬಟ್ಟೆಯ ಒಳಮೈ ಒಳಮೈಗೆ ತಾಗಿರಬೇಕು. ಮೂರನೆಯ ಕಡ್ಡಿಯಿಂದ ಆಚೆಯದೊಂದು, ಈಚೆಯದೊಂದು ಕುಣಿಕೆಯನ್ನು ಕೂಡಿಸಿ ಹೆಣೆದು ಮುಚ್ಚುತ್ತಾ ಹೋದರೆ ಏಣು ತಾನಾಗಿ ಹೊರಗೆ ಏಳುತ್ತದೆ. ಸೂಜಿಯ ಕೆಲಸವೇ ಇಲ್ಲ. ಹೆಗಲಿನಲ್ಲಿ ಮಾತ್ರ ಕೈ ಇನ್ನಷ್ಟು ಬಿಗಿ ಇರಲಿ, ತೋಳುಗಳ ತೂಕವೆಲ್ಲ ಅಲ್ಲಿಯೇ ಎಳೆಯುತ್ತದೆ.

ಕೆಂಪನ್ನು ಆರಿಸಿದ್ದು ಅಡಿಕೆ ಚೊಗರನ್ನು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರನ್ನು, ನೋಡಿ. ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಹತ್ತಿಬಟ್ಟೆಗೆ ಹಾಕುತ್ತಾರಲ್ಲ, ಆ ಬಣ್ಣ. ನನ್ನದು ಅಂಗಡಿಯ ಉಣ್ಣೆಯೇ.

ಹೊಸಬರು ಮೊದಲು ಪಟ್ಟಿಯನ್ನಷ್ಟೇ ಸಾದಾ ಉಣ್ಣೆಯ ಸ್ವೆಟರಿಗೆ ಹಾಕಿ ನೋಡಲಿ. ಮೊಹೇರನ್ನು ಬಿಚ್ಚುವುದು ಹಿಂಸೆ, ರೋಮ ಒಂದಕ್ಕೊಂದು ತೆಕ್ಕೆಬೀಳುತ್ತದೆ. ಬಿಚ್ಚಲೇಬೇಕಾದರೆ ಚೀಲದಲ್ಲಿ ಕಟ್ಟಿ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟರೆ ಸಲೀಸಾಗುತ್ತದೆ. ಒಗೆದ ಮೇಲೆ ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ, ಫ್ಯಾನ್ ಹಾಕಿ. ಮಳೆಗಾಲದಲ್ಲಿ ಬೇರೆ ಬಟ್ಟೆಗಳ ಜೊತೆ ಬಚ್ಚಲೊಲೆಯ ಮೇಲಿನ ತಂತಿಗೆ ನೇತುಹಾಕಿದಿರೋ, ಹೊಗೆ ವಾಸನೆಯೂ ಹಿಡಿಯುತ್ತದೆ, ತೋಳೂ ಮೊಣಕಾಲಿನವರೆಗೆ ಇಳಿಯುತ್ತದೆ.